ಸ್ಟಾಕ್ ರಿಜಿಸ್ಟರಲ್ಲಿ ಎರಡು ಬಾಟಲಿ, ಕಪಾಟಲ್ಲಿ ಒಂದೇ: ಅಸಿಟಿಕ್ ಅನ್‌ಹೈಡ್ರೈಡ್ ಗೋಳು

ಲ್ಯಾಬ್ ಮೇಷ್ಟ್ರು · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೀನಿ. ಮುಂದಿನ ತಿಂಗಳು ಬಿಎಸ್ಸಿ ಪ್ರಾಕ್ಟಿಕಲ್ ಪರೀಕ್ಷೆ. ಆಸ್ಪಿರಿನ್ ತಯಾರಿಸೋ ಪ್ರಯೋಗ ಇದೆ, ಅದಕ್ಕೆ ಅಸಿಟಿಕ್ ಅನ್‌ಹೈಡ್ರೈಡ್ ಬೇಕು. ನಮಗೆ ಕೆಮಿಕಲ್ ತಂದುಕೊಡೋ ಡೀಲರ್‌ಗೆ ಫೋನ್ ಮಾಡಿ ಅರ್ಧ ಲೀಟರ್ ಬಾಟಲಿ ಒಂದು ಕಳಿಸಿ ಅಂದೆ. "ಸಾರ್, ಅದಕ್ಕೆ ಯುಆರ್‌ಎನ್ ಬೇಕು, ಇದ್ರೆ ಹೇಳಿ" ಅಂದ್ರು. ಏನಪ್ಪಾ ಅದು ಅಂದ್ರೆ, "ನಾರ್ಕೋಟಿಕ್ಸ್‌ನವರು ಕೊಡೋ ನಂಬರ್ ಸಾರ್. ಇದ್ರಲ್ಲಿ ಹೆರಾಯಿನ್ ಮಾಡ್ತಾರಂತಲ್ಲ" ಅಂತ ನಕ್ಕರು. ನಂಗೆ ನಗು ಬರ್ಲಿಲ್ಲ.

ಯಾಕಂದ್ರೆ ಆಮೇಲೆ ಹೋಗಿ ಕಪಾಟು ತೆಗೆದೆ. ಹಿಂದಿನ ಸಾಲಲ್ಲಿ ಒಂದು ಕಂದು ಬಾಟಲಿ, ಲೇಬಲ್ ಅರ್ಧ ತಿಂದುಹೋಗಿದೆ, ಮುಚ್ಚಳದ ಸುತ್ತ ಬಿಳಿ ಪುಡಿ ಕಟ್ಟಿದೆ, ಒಳಗೆ ಸುಮಾರು 180 ಎಂಎಲ್ ಇದೆ. ಸ್ಟಾಕ್ ರಿಜಿಸ್ಟರ್ ನೋಡಿದ್ರೆ 2009ರಲ್ಲಿ "500 ಎಂಎಲ್, 2 ಬಾಟಲಿ" ಅಂತ ಬರೆದಿದೆ. ಎರಡನೇದು ಎಲ್ಲೂ ಇಲ್ಲ. ಆಗ ಇದ್ದ ಮೇಷ್ಟ್ರು ರಿಟೈರ್ ಆಗಿದ್ದಾರೆ, ಅಟೆಂಡರ್ ತೀರಿಕೊಂಡಿದ್ದಾರೆ.

ಎರಡು ಪ್ರಶ್ನೆ. ಒಂದು, ಕಾಲೇಜಿಗೂ ಈ ನೋಂದಣಿ ಬೇಕಾ? ಎರಡು, ಕಾಣೆಯಾದ ಬಾಟಲಿಗೆ ರಿಜಿಸ್ಟರಲ್ಲಿ ಏನಂತ ಬರೀಲಿ?

ಕಡ್ಲೆಪುರಿ · 9:52

"ಒಡೆದುಹೋಯಿತು" ಅಂತ ಬರೆದು ಸೈನ್ ಹಾಕಿ ಮಲಗಿ ಸಾರ್. ನಮ್ಮ ಕಾಲೇಜಲ್ಲಿ ಪ್ರತಿ ಮಾರ್ಚ್‌ನಲ್ಲಿ ಬ್ಯೂರೆಟ್, ಪಿಪೆಟ್ ಎಲ್ಲಾ ಹಂಗೇ ಒಡೀತಾವೆ.

ಪೀಣ್ಯ ಪಾಪಣ್ಣ · 10:15

ಮೇಷ್ಟ್ರೇ, ಮೇಲಿನವರ ಮಾತು ಕೇಳಬೇಡಿ. ಇಪ್ಪತ್ತು ವರ್ಷದಿಂದ ಕೆಮಿಕಲ್ ವ್ಯಾಪಾರ ಮಾಡ್ತಿದ್ದೀನಿ, ಈ ವಿಷಯದಲ್ಲಿ ಸುಟ್ಟುಕೊಂಡವನು.

ನಿಮ್ಮ ಡೀಲರ್ ಹೇಳಿದ್ದು ಸರಿ. ಎನ್‌ಡಿಪಿಎಸ್, ಅಂದ್ರೆ ಮಾದಕ ವಸ್ತುಗಳ ಕಾಯ್ದೆ ಕೆಳಗೆ 2013ರಲ್ಲಿ ನಿಯಂತ್ರಿತ ಕೆಮಿಕಲ್‌ಗಳ ಬಗ್ಗೆ ಒಂದು ಆದೇಶ ಬಂದಿದೆ, ಆರ್‌ಸಿಎಸ್ ಆರ್ಡರ್ ಅಂತೀವಿ. ಅದಕ್ಕೂ ಮುಂಚೆ 1993ರದ್ದು ಇತ್ತು. 2013ರದ್ದರಲ್ಲಿ ಮೂರು ಪಟ್ಟಿ. ಮೊದಲನೇ ಪಟ್ಟಿ, ಅಂದ್ರೆ ಶೆಡ್ಯೂಲ್ ಎ, ಬಲು ಬಿಗಿ. ಅಸಿಟಿಕ್ ಅನ್‌ಹೈಡ್ರೈಡ್, ಆಂಥ್ರಾನಿಲಿಕ್ ಆಸಿಡ್, ಅದರದೇ ಅಸಿಟೈಲ್ ರೂಪ, ಎಫಿಡ್ರಿನ್, ಸ್ಯೂಡೋಎಫಿಡ್ರಿನ್. ಇವನ್ನ ತಯಾರಿಸೋರು, ಮಾರೋರು, ಕೊಳ್ಳೋರು, ಗೋಡೌನಲ್ಲಿ ಇಟ್ಟುಕೊಳ್ಳೋರು, ಬಳಸೋರು ಎಲ್ಲರೂ ಎನ್‌ಸಿಬಿಯ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಬ್ಯೂರೋ) ಝೋನಲ್ ಡೈರೆಕ್ಟರ್ ಹತ್ರ ನೋಂದಣಿ ಮಾಡಿಸಬೇಕು. ಅವರು ಕೊಡೋ ನಂಬರೇ ಯುಆರ್‌ಎನ್. ದಿನದ ಲೆಕ್ಕ ಬರೀಬೇಕು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು. ನಂಬರ್ ಇಲ್ಲದವರಿಗೆ ಮಾಲು ಕೊಟ್ಟರೆ ಕೊಟ್ಟವನೂ ಸಿಕ್ಕಿಹಾಕಿಕೊಳ್ತಾನೆ. ಅದಕ್ಕೇ ನಿಮ್ಮ ಡೀಲರ್ ಹಲ್ಲು ಕಿರಿದು ಜಾರಿಕೊಂಡಿದ್ದು.

ಸುಟ್ಟುಕೊಂಡ ಕಥೆ ಹೇಳ್ತೀನಿ. ಒಂದು ಬೇಸಿಗೆ, ಟೆಂಪೋದಲ್ಲಿ 35 ಕೇಜಿ ಕ್ಯಾನ್‌ಗಳು ಬಂದ್ವು. ಒಂದರ ಮುಚ್ಚಳ ಸಡಿಲ. ಗಾಡಿ ಬಾಗಿಲು ತೆಗೆದ ಕೂಡಲೇ ವಿನೆಗರ್ ಹುಳಿ ಮೂಗಿಗೆ ಹೊಡೀತು, ಹಮಾಲಿ ಕಣ್ಣುಜ್ಜಿಕೊಂಡು ಆಚೆ ಓಡಿದ. ಗೋಡೌನ್ ಹುಡುಗ ತೂಕ ಹಾಕದೇ ಬಿಲ್ ನೋಡಿ 35 ಅಂತ ಬರೆದ. ನಾನೂ ನೋಡಲಿಲ್ಲ. ಮೂರು ಕೇಜಿ ಸೋರಿಹೋಗಿತ್ತು. ಮುಂದಿನ ರಿಟರ್ನ್‌ನಲ್ಲಿ ಲೆಕ್ಕ ಕೂಡಲಿಲ್ಲ. ಇಲಾಖೆಯಿಂದ ಇಬ್ಬರು ಬಂದು ಎರಡು ದಿನ ಕೂತರು, ಟೆಂಪೋದವನ ಹೇಳಿಕೆ, ಹಮಾಲಿ ಹೇಳಿಕೆ ಎಲ್ಲಾ ಬರೆಸಿಕೊಂಡರು. ಸೋರಿದ ದಿನವೇ ಒಂದು ಕಾಗದ ಬರೆದು ಕೊಟ್ಟಿದ್ದರೆ ಏನೂ ಇರ್ತಿರಲಿಲ್ಲ. ತಪ್ಪು ನಂದೇ. ಈಗ ತೂಕದ ಯಂತ್ರದ ಮೇಲೆ ಇಳಿಸದೇ ಒಂದು ಕ್ಯಾನ್‌ನೂ ಒಳಗೆ ಬಿಡಲ್ಲ.

ಒಡೆದಿಲ್ಲದ್ದನ್ನ ಒಡೆದಿದೆ ಅಂತ ಬರೆದರೆ ಅವತ್ತಿಂದ ಆ ಸುಳ್ಳು ನಿಮ್ಮ ಸೈನ್ ಹೊತ್ತುಕೊಂಡು ಓಡಾಡುತ್ತೆ.

ಕಡ್ಲೆಪುರಿ · 10:19

ಅರ್ಧ ಲೀಟರ್‌ಗೆ ಇಷ್ಟು ರಾಮಾಯಣನಾ?

ಬೀದರ್ ಬಸಣ್ಣ · 10:34

ಅದಾ ನಾನೂ ಕೇಳೋದು. ನಮ್ಮ ಕಡಿ ಕೊಳಾರ ಇಂಡಸ್ಟ್ರಿಯಲ್ ಏರಿಯಾದಾಗ ಕೆಮಿಕಲ್ ಫ್ಯಾಕ್ಟರಿ ಸಾಲಾಗಿ ನಿಂತಾವ. ನಾ ಅಲ್ಲೇ ಎಂಟು ವರ್ಷ ಶಿಫ್ಟ್ ಮಾಡೀನಿ. ಸಣ್ಣವರ ಹತ್ರ ಚಮಚದ ಲೆಕ್ಕ ಕೇಳ್ತಾರ್ರಿ, ದೊಡ್ಡವರ ಹತ್ರ ಟನ್ ಲೆಕ್ಕ ತಪ್ಪಿದರ ಯಾರಿಗೂ ಗೊತ್ತಾಗಂಗಿಲ್ಲ. 2016ರಾಗ ನಮ್ಮ ಪಕ್ಕದ ಸೋಲಾಪುರದಾಗ ಏನಾತು? ಮುಂಬೈ ಹತ್ರದ ಥಾಣೆ ಊರಿನ ಪೊಲೀಸರು ಹೋಗಿ ಒಂದು ಔಷಧಿ ಕಾರ್ಖಾನಿಯಿಂದ 18 ಟನ್ ಎಫಿಡ್ರಿನ್ ಹಿಡದರು. ಟನ್ ಅಂದೀನಿ, ಕೇಜಿ ಅಲ್ಲ. ಅದು ಶೆಡ್ಯೂಲ್ ಎ ಮಾಲೇ ಅಲ್ಲೇನು? ಯಾವ ರಿಟರ್ನ್‌ನಾಗ ಕಾಣಲಿಲ್ಲ ಅದು?

ಊರು ಕೊಳ್ಳೆ ಹೊಡದ ಮ್ಯಾಲ ಕೋಟಿ ಬಾಗಲಾ ಹಾಕಿದಂಗ.

ವಕೀಲ್ ಸಾಬ್ · 10:58

ಬಸಣ್ಣ, ಸಿಟ್ಟು ಅರ್ಥವಾಗುತ್ತೆ. ಆದರೆ ಕಾನೂನು ಯಾಕೆ ಬಂತು ಅಂತ ನೋಡಿ. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂದಾಗ ಕಚ್ಚಾ ರಾಸಾಯನಿಕಗಳ ಮಾತೇ ಇರಲಿಲ್ಲ. ಅಫೀಮು, ಗಾಂಜಾ, ಕೋಕಾ, ಅಮಲಿನ ಮಾತ್ರೆಗಳಂಥ ಸಿದ್ಧ ಮಾದಕಗಳ ಮೇಲಷ್ಟೇ ನೋಟ. 1988ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂತು, ಅದರ 12ನೇ ವಿಧಿ ಪೂರ್ತಿ ಇದಕ್ಕೇ ಮೀಸಲು. ಆಮೇಲೆ 1989ರ ತಿದ್ದುಪಡಿಯಲ್ಲಿ ನಮ್ಮ ಕಾಯ್ದೆಗೆ 9ಎ ಮತ್ತು 25ಎ ಸೇರಿದವು. 9ಎ ಕೇಂದ್ರ ಸರ್ಕಾರಕ್ಕೆ ಆದೇಶ ಹೊರಡಿಸುವ ಅಧಿಕಾರ ಕೊಡುತ್ತೆ, 25ಎ ಆ ಆದೇಶ ಮುರಿದವರಿಗೆ ಶಿಕ್ಷೆ: ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಅರ್ಧ ಲೀಟರ್, ಅರ್ಧ ಟನ್ ಅನ್ನೋ ಭೇದ ಆ ಸೆಕ್ಷನ್‌ನಲ್ಲಿ ಇಲ್ಲ.

ಮೇಷ್ಟ್ರಿಗೆ ಇನ್ನೊಂದು ಮಾತು. ಸೆಕ್ಷನ್ 35 ಓದಿಕೊಳ್ಳಿ. ಸಾಮಾನ್ಯ ಕ್ರಿಮಿನಲ್ ಕೇಸಲ್ಲಿ ನಿಮ್ಮ ಮನಸ್ಸಲ್ಲಿ ದುರುದ್ದೇಶ ಇತ್ತು ಅಂತ ಪೊಲೀಸರು ತೋರಿಸಬೇಕು. ಇಲ್ಲಿ ಇತ್ತು ಅಂತಲೇ ಕೋರ್ಟು ಭಾವಿಸುತ್ತೆ, ಇರಲಿಲ್ಲ ಅಂತ ನೀವು ತೋರಿಸಬೇಕು. ಹಾಗಾಗಿ ರಿಜಿಸ್ಟರ್ ತಿದ್ದೋ ಸಲಹೆ ಯಾರು ಕೊಟ್ಟರೂ ಕಿವಿಗೆ ಹಾಕಿಕೊಳ್ಳಬೇಡಿ. ಹುಡುಕಿ, ಸಿಗದಿದ್ದರೆ "ಭೌತಿಕ ಪರಿಶೀಲನೆಯಲ್ಲಿ ಕಂಡುಬಂದಿಲ್ಲ" ಅಂತ ಇಂದಿನ ತಾರೀಕು ಹಾಕಿ ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಿ. ಕಾಲೇಜು ಅಂದ ಮಾತ್ರಕ್ಕೆ ವಿನಾಯಿತಿ ಇದೆ ಅಂತ ನೀವೇ ಅಂದುಕೊಳ್ಳಬೇಡಿ. ಬೆಂಗಳೂರಿನ ಎನ್‌ಸಿಬಿ ಝೋನಲ್ ಯೂನಿಟ್‌ಗೆ ಪ್ರಿನ್ಸಿಪಾಲರ ಲೆಟರ್‌ಹೆಡ್‌ನಲ್ಲಿ ಪತ್ರ ಹಾಕಿ, ಉತ್ತರ ಲಿಖಿತವಾಗಿ ಪಡೆಯಿರಿ.

ಉಡುಪಿ ಮೀನು · 11:10

ಒಂದು ಡೌಟು ಮಾರಾಯ್ರೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಸಹ ಡ್ರಗ್ಸ್ ಪಟ್ಟಿಯಲ್ಲಿ ಉಂಟು ಅಂತ ಎಲ್ಲೋ ಓದಿದ ನೆನಪು. ನಮ್ಮ ಅಜ್ಜ ಮಳೆಗಾಲ ಮುಗಿದ ಕೂಡಲೇ ಬಾವಿಗೆ ಹಾಕ್ತಿದ್ರು, ನೀರು ಎರಡು ದಿನ ನೇರಳೆ ಹಣ್ಣಿನ ಬಣ್ಣ. ನಾನು ಮೀನಿನ ತೊಟ್ಟಿಗೆ ಚಿಟಿಕೆ ಹಾಕ್ತೇನೆ. ಈಗ ನನ್ನನ್ನೂ ಹಿಡೀತಾರಾ?

ಪೀಣ್ಯ ಪಾಪಣ್ಣ · 11:17

ಇಲ್ಲ ಇಲ್ಲ. ಅದು ಶೆಡ್ಯೂಲ್ ಎ ಅಲ್ಲ. ರಫ್ತು ಮಾಡೋರಿಗೆ ಗ್ವಾಲಿಯರ್‌ನ ನಾರ್ಕೋಟಿಕ್ಸ್ ಕಮಿಷನರ್ ಎನ್‌ಒಸಿ ಬೇಕು. ಊರಲ್ಲಿ ಕೊಂಡು ಮೀನಿಗೆ ಹಾಕೋಕೆ ಯಾವ ನಂಬರೂ ಬೇಡ. ಕೋಕೇನ್ ತಯಾರಿಕೆಗೆ ಟನ್‌ಗಟ್ಟಲೆ ಸಾಗಿಸ್ತಾರೆ ಅಂತ 1999ರಲ್ಲಿ ಆಪರೇಷನ್ ಪರ್ಪಲ್ ಅಂತ ಶುರು ಮಾಡಿ ಜಗತ್ತಿಡೀ ಅದರ ಹಡಗು ಸಾಗಣೆ ಮೇಲೆ ಕಣ್ಣಿಟ್ಟರು. ಬಣ್ಣ ನೋಡಿಯೇ ಹೆಸರಿಟ್ಟಿರಬೇಕು. 2001ರಲ್ಲಿ ಮೇಷ್ಟ್ರ ಬಾಟಲಿ ಮಾಲಿಗೆ ಆಪರೇಷನ್ ಟೋಪಾಜ್.

ಉಡುಪಿ ಮೀನು · 11:19

ಅಬ್ಬಾ, ಬದುಕಿದೆ. ಮೀನುಗಳೂ ಬದುಕಿದವು.

ಅಗರಬತ್ತಿ ಮೈಸೂರು · ಮಂಗಳವಾರ ಬೆಳಗ್ಗೆ 7:05

ನಮ್ಮ ಕಸುಬಲ್ಲೂ ಒಂದಿದೆ. ಹೆಲಿಯೋಟ್ರೋಪಿನ್. ಬಿಳಿ ಹರಳು, ವೆನಿಲಾ ಮತ್ತು ಬಾದಾಮಿ ಬೆರೆತ ಥರ ಸಿಹಿ ವಾಸನೆ. ಸುಗಂಧದ ಮಿಶ್ರಣದಲ್ಲಿ ಚೂರು ಬಿದ್ದರೆ ಬತ್ತಿಯ ವಾಸನೆ ದುಂಡಗಾಗುತ್ತೆ. ರಸಾಯನಶಾಸ್ತ್ರದವರು ಇದನ್ನೇ ಪಿಪೆರೋನಾಲ್ ಅಂತಾರೆ, ಎಂಡಿಎಂಎ ಅನ್ನೋ ಮಾದಕ ಮಾಡೋಕೆ ಬಳಸ್ತಾರೆ ಅಂತ ವಿಶ್ವಸಂಸ್ಥೆಯ ಆ 1988ರ ಒಪ್ಪಂದದ ಮೊದಲ ಕೋಷ್ಟಕದಲ್ಲೇ ಇದೆ. ನಮ್ಮ ತಂದೆಗೆ ಇದನ್ನ ಹೇಳಿದಾಗ ಅವರು ಡಬ್ಬಿ ಮೂಸಿ ನೋಡಿ, "ಐವತ್ತು ವರ್ಷದಿಂದ ಮೂಸ್ತಿದ್ದೀನಿ, ನಂಗೇನೂ ಏರಿಲ್ಲವಲ್ಲೋ" ಅಂದರು.

ಔಷಧಿ ಅಂಗಡಿ ಶೆಟ್ರು · 7:48

ಹ್ಹಹ್ಹ. ನಮ್ಮಲ್ಲೂ ಒಂದು ರಿಜಿಸ್ಟರ್ ಉಂಟು. 2014ರಿಂದ ಶೆಡ್ಯೂಲ್ ಎಚ್1, ಔಷಧಿ ಕಾನೂನಿನ ಬಿಗಿ ಪಟ್ಟಿ. ಆಲ್ಪ್ರಾಝೋಲಂ, ಟ್ರಾಮಡಾಲ್, ಕೋಡೀನ್ ಥರದ್ದು ಕೊಟ್ಟರೆ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಎಲ್ಲ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಸಂಜೆ ಏಳು ಗಂಟೆಗೆ ಅಂಗಡಿ ಮುಂದೆ ಹತ್ತು ಜನ ನಿಂತಿರುವಾಗ ಬರೆದು ನೋಡಿ, ಗೊತ್ತಾಗ್ತದೆ.

ಪಾಪಣ್ಣ ಹೇಳಿದ ಸ್ಯೂಡೋಎಫಿಡ್ರಿನ್ ಇರುವ ಶೀತದ ಮಾತ್ರೆ ವಿಷಯ ಅಮೆರಿಕದಲ್ಲಿರೋರು ಯಾರಾದ್ರೂ ಹೇಳಬೇಕು. ಅಲ್ಲಿ ಬಲು ಕಟ್ಟುನಿಟ್ಟು ಅಂತ ಕೇಳಿದ್ದೇನೆ.

ಫ್ರೀಮಾಂಟ್ ಅಕ್ಕ · 9:30

ಹೇಳ್ತೀನಿ ಶೆಟ್ರೆ. ಇಲ್ಲಿ ಸ್ಯೂಡೋಎಫಿಡ್ರಿನ್ ಇರೋ ಮಾತ್ರೆ ಬೇಕಂದ್ರೆ ಕೌಂಟರ್ ಹಿಂದಿನಿಂದ ಕೇಳಿ ತೊಗೋಬೇಕು, ಡಾಕ್ಟರ್ ಚೀಟಿ ಬೇಡ. ಡ್ರೈವಿಂಗ್ ಲೈಸೆನ್ಸ್ ಕೊಟ್ಟು ಸೈನ್ ಹಾಕಬೇಕು. 2005ರ ಕಾಯ್ದೆ, 2006ರ ಸೆಪ್ಟೆಂಬರ್‌ನಿಂದ ದೇಶಕ್ಕೆಲ್ಲಾ ಜಾರಿ. ದಿನಕ್ಕೆ 3.6 ಗ್ರಾಂ, ಮೂವತ್ತು ದಿನಕ್ಕೆ 9 ಗ್ರಾಂ ಮಿತಿ. ನಾನು ಬಂದ ಹೊಸದರಲ್ಲಿ ಮನೆ ಮಂದಿಗೆಲ್ಲಾ ಏಪ್ರಿಲ್‌ನಲ್ಲಿ ಮೂಗು ಕಟ್ಟಿತು, ಇಲ್ಲಿಯ ಹುಲ್ಲಿನ ಪರಾಗದ್ದು. ನಮ್ಮ ಅತ್ತೆ ಊರಿಂದ ಬಂದಿದ್ದರು. ಎಲ್ಲರಿಗೂ ನನ್ನ ಹೆಸರಲ್ಲೇ ತಂದೆ. ಮೂರನೇ ಸಲ ಹೋದಾಗ ಆ ಫಾರ್ಮಸಿ ಹುಡುಗಿ ಕಂಪ್ಯೂಟರ್ ನೋಡಿ, ನನ್ನ ನೋಡಿ, ಮತ್ತೆ ಕಂಪ್ಯೂಟರ್ ನೋಡಿ ತಲೆ ಆಡಿಸಿಬಿಟ್ಟಳು. ಹಿಂದೆ ಸಾಲಲ್ಲಿ ನಿಂತವರೆಲ್ಲ ನನ್ನೇ ನೋಡ್ತಿದ್ದಾರೆ, ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ ಹಿಡ್ಕೊಂಡು ನಿಂತಿದ್ದೀನಿ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಇದರ ಇನ್ನೊಂದು ತಮಾಷೆ ಕೇಳಿ. ಕಪಾಟಿನಲ್ಲಿ ಹೊರಗೇ ಸಿಗೋ ಮಾತ್ರೆಗಳಲ್ಲಿ ಅದರ ಬದಲು ಫಿನೈಲೆಫ್ರಿನ್ ಹಾಕಿದರು. ಅದನ್ನ ನುಂಗಿದರೆ ಕಟ್ಟಿದ ಮೂಗು ಬಿಡಲ್ಲ ಅಂತ 2023ರಲ್ಲಿ ಇಲ್ಲಿಯ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯೇ ಹೇಳಿತು. ಇಷ್ಟು ವರ್ಷ ಎಲ್ಲರೂ ಕೆಲಸ ಮಾಡದ ಮಾತ್ರೆ ನುಂಗಿದ್ದು!

ಔಷಧಿ ಅಂಗಡಿ ಶೆಟ್ರು · 9:41

ನಮ್ಮಲ್ಲಿ ಬರುವ ಶೀತದ ಮಾತ್ರೆಗಳಲ್ಲೂ ಹೆಚ್ಚಿನದ್ದು ಅದೇ ಫಿನೈಲೆಫ್ರಿನ್ ಅಕ್ಕ. ನಾನು ಮನೆಯಲ್ಲಿ ಮೆಣಸಿನ ಕಷಾಯವನ್ನೇ ಕುಡಿಯುವುದು.

ಬೀದರ್ ಬಸಣ್ಣ · 10:02

ಅಕ್ಕಾ, ಅಷ್ಟೆಲ್ಲಾ ಸೈನ್ ಹಾಕಿಸ್ಕೊಂಡು ಅಮೆರಿಕಾದಾಗ ಆ ಮಾತ್ರೆಯಿಂದ ಮಾಡೋ ಮೆತ್ ಅನ್ನೋ ಡ್ರಗ್ ನಿಂತತೇನು?

ಫ್ರೀಮಾಂಟ್ ಅಕ್ಕ · 10:20

ಮನೆ ಹಿತ್ತಲಲ್ಲಿ, ಬಾತ್‌ರೂಮಲ್ಲಿ ಬೇಯಿಸ್ತಿದ್ದ ಸಣ್ಣ ಸಣ್ಣ ಲ್ಯಾಬ್‌ಗಳು ಗಣನೀಯವಾಗಿ ಕಡಿಮೆ ಆದವು, ಅದು ನಿಜ. ಮೆತ್ ನಿಲ್ಲಲಿಲ್ಲ, ಅದೂ ನಿಜ. ಮೆಕ್ಸಿಕೋ ಕಡೆಯಿಂದ ಬರೋಕೆ ಶುರುವಾಯಿತು. ಅವರೂ 2008ರ ಹೊತ್ತಿಗೆ ಸ್ಯೂಡೋಎಫಿಡ್ರಿನ್ ನಿಷೇಧಿಸಿದರು. ಅಲ್ಲಿಯ ದೊಡ್ಡ ಲ್ಯಾಬ್‌ಗಳು ಬೇರೆ ದಾರಿ, ಬೇರೆ ಕೆಮಿಕಲ್ ಹಿಡಿದವು. ಇಲ್ಲಿ ಆರೆಗಾನ್ ರಾಜ್ಯದವರು ಇನ್ನೂ ಬಿಗಿ ಮಾಡಿ 2006ರಲ್ಲಿ ಡಾಕ್ಟರ್ ಚೀಟಿ ಕಡ್ಡಾಯ ಅಂದಿದ್ದರು. 2022ರಲ್ಲಿ ಅದನ್ನ ಕೈಬಿಟ್ಟರು.

ಕೆಮಿಕಲ್ ಕುಲಕರ್ಣಿ · 11:45

ಅಕ್ಕ ಹೇಳಿದ್ದೇ ಇದರ ತಿರುಳು. ನಾನು ಔಷಧಿ ಕಂಪನಿಯೊಂದರಲ್ಲಿ ರೆಗ್ಯುಲೇಟರಿ ಕೆಲಸ ಮಾಡ್ತೀನಿ. ಪಟ್ಟಿ ಮಾಡೋರು ಚಾಪೆ ಕೆಳಗೆ ತೂರಿದರೆ ಮಾಫಿಯಾದವರು ರಂಗೋಲಿ ಕೆಳಗೆ ತೂರ್ತಾರೆ. ಪಟ್ಟಿಯಲ್ಲಿರೋ ಕೆಮಿಕಲ್‌ನ ಒಂದು ಹೆಜ್ಜೆ ಹಿಂದಿನದನ್ನ, ಯಾವ ಉದ್ಯಮಕ್ಕೂ ಬೇಡದ ಹೊಸ ಅಣುವನ್ನ, ಮಾಡಿಸ್ತಾರೆ. ಡಿಸೈನರ್ ಪ್ರಿಕರ್ಸರ್ ಅಂತಾರೆ, ಪ್ರಿಕರ್ಸರ್ ಅಂದರೆ ಡ್ರಗ್ ಮಾಡೋ ಕಚ್ಚಾ ಕೆಮಿಕಲ್. 2014ರಲ್ಲಿ ಅಪಾನ್ ಅನ್ನೋ ಅಂಥದೊಂದನ್ನ ವಿಶ್ವಸಂಸ್ಥೆ ಪಟ್ಟಿಗೆ ಸೇರಿಸಿತು. ಅದರ ಬದಲು ಮಾಪಾ ಬಂತು, ಅದನ್ನ ಸೇರಿಸೋ ಹೊತ್ತಿಗೆ 2020. ಫೆಂಟನಿಲ್ ಅನ್ನೋ ಬಲು ತೀವ್ರ ನೋವು ನಿವಾರಕದ್ದೂ ಅದೇ ಕಥೆ. ಅದರ ಕಚ್ಚಾ ಕೆಮಿಕಲ್ 2017ರಲ್ಲಿ ಎರಡು ಸೇರಿದವು, 2022ರಲ್ಲಿ ಇನ್ನೂ ಮೂರು. 2024ರಲ್ಲಂತೂ ಒಂದೊಂದೇ ಸೇರಿಸಿ ಸಾಕಾಗಿ ಗುಂಪುಗುಂಪಾಗಿಯೇ ಸೇರಿಸಿದರು.

ಬಸಣ್ಣ ಹೇಳಿದ ಸೋಲಾಪುರ ನಿಜ. ಅದೇ 2016ರಲ್ಲೇ ಉದಯಪುರದಲ್ಲಿ ಕೇಂದ್ರದ ಕಂದಾಯ ಗುಪ್ತಚರ ಸಂಸ್ಥೆ ಡಿಆರ್‌ಐನವರು 23 ಟನ್‌ಗೂ ಮಿಕ್ಕಿ ಮ್ಯಾಂಡ್ರಾಕ್ಸ್ ಅನ್ನೋ ಅಮಲಿನ ಮಾತ್ರೆ ಹಿಡಿದರು. ಮ್ಯಾಂಡ್ರಾಕ್ಸ್‌ಗೆ ಬೇಕಾಗೋದು ಪಾಪಣ್ಣ ಹೇಳಿದ ಆಂಥ್ರಾನಿಲಿಕ್ ಗುಂಪಿನದೇ. 2018ರಲ್ಲಿ ಇಂದೋರ್‌ನಲ್ಲಿ ಸುಮಾರು 9 ಕೇಜಿ ಫೆಂಟನಿಲ್. ಅಂದರೆ ಪಟ್ಟಿಯಲ್ಲಿರೋದೂ ಸೋರುತ್ತೆ, ಪಟ್ಟಿಯಲ್ಲಿಲ್ಲದ್ದೂ ಸೋರುತ್ತೆ.

ಹಾಗಂತ ರಿಜಿಸ್ಟರ್ ದಂಡ ಅನ್ನೋದು ತಪ್ಪು. ನಾನೇ ಒಮ್ಮೆ ಒಂದು ಆರ್ಡರ್ ತಡೆದಿದ್ದೀನಿ. ಕೊಳ್ಳುವವರ ವಿಳಾಸ ಬಣ್ಣದ ಅಂಗಡಿಯದು, ಕೇಳಿದ್ದು ಡ್ರಮ್ಮುಗಟ್ಟಲೆ ಅಸಿಟಿಕ್ ಅನ್‌ಹೈಡ್ರೈಡ್, ಹಣ ನಗದು ಕೊಡ್ತೀವಿ ಅಂದರು, ಯಾವ ಬಳಕೆಗೆ ಅಂದರೆ "ಕ್ಲೀನಿಂಗ್" ಅಂದರು. ಅದರಲ್ಲಿ ಏನನ್ನ ತೊಳೀತಾರೆ, ಕೈಯನ್ನಾ? ಯುಆರ್‌ಎನ್ ಕಳಿಸಿ ಅಂದೆ, ಮತ್ತೆ ಫೋನೇ ಬರಲಿಲ್ಲ. ಈ ಪದ್ಧತಿ ಇಲ್ಲದಿದ್ದರೆ ನಮ್ಮ ಸೇಲ್ಸ್‌ನವರು ಅವತ್ತೇ ಲಾರಿ ಕಳಿಸಿರೋರು.

ಬೀದರ್ ಬಸಣ್ಣ · 11:58

ಅದು ನೀವು ಸರಿ ಇದ್ದೀರಿ ಅಂತ. ಕೇಳದೇ ಕೊಡೋ ಪುಣ್ಯಾತ್ಮರು ಭಾಳ ಮಂದಿ ಅದಾರ.

ಮೈಸೂರ್ ಪಾಕ್ · 12:20

ನಮ್ಮೂರಿನದು ಮರೆತುಬಿಟ್ರಾ? 2025ರ ಜುಲೈನಲ್ಲಿ ಮುಂಬೈನ ಸಾಕಿನಾಕಾ ಪೊಲೀಸರು ಬಂದು ಇಲ್ಲಿ ರಿಂಗ್ ರೋಡ್ ಬಳಿ ಎಂಡಿ ಘಟಕ ಹಿಡಿದರು. ಎಂಡಿ ಅಂದ್ರೆ ಮೆಫೆಡ್ರೋನ್ ಅನ್ನೋ ಡ್ರಗ್. ಮುಂಬೈನಿಂದ ಬಂದು ಹಿಡಿಯೋವರೆಗೂ ನಮಗೆ ಗೊತ್ತೇ ಇರಲಿಲ್ಲ. ಆ ರಸ್ತೆಯಲ್ಲಿ ದಿನಾ ಓಡಾಡ್ತೀನಿ ನಾನು. ಮೆಫೆಡ್ರೋನ್ 2015ರಲ್ಲೇ ಎನ್‌ಡಿಪಿಎಸ್‌ಗೆ ಸೇರಿದೆ, ಆದರೆ ಪಾಪಣ್ಣ ಬರೆದ ಆ ಐದರ ಪಟ್ಟಿಯಲ್ಲಿ ಅದನ್ನ ಮಾಡೋ ಕೆಮಿಕಲ್ ಒಂದೂ ಕಾಣಲ್ಲ.

ಟೆಸ್ಟ್‌ಟ್ಯೂಬ್ 99 · 12:31

[ಈ ಪ್ರತಿಕ್ರಿಯೆಯನ್ನು ತೆಗೆಯಲಾಗಿದೆ]

ಮಾಡರೇಟರ್ · 12:36

ಯಾವ ಕೆಮಿಕಲ್‌ಗೆ ಯಾವುದು ಬೆರೆಸಿದರೆ ಏನಾಗುತ್ತೆ ಅನ್ನೋ ಅಡುಗೆ ಪಾಠ ಇಲ್ಲಿ ಬೇಡ. ಕಾನೂನು, ಅನುಭವ, ಹರಟೆ ನಡೀಲಿ. ಟೆಸ್ಟ್‌ಟ್ಯೂಬ್ ಅವರಿಗೆ ಒಂದು ವಾರ ರಜೆ.

ಕಡ್ಲೆಪುರಿ · 12:37

ಅವನಿಗೆ ಯುಆರ್‌ಎನ್ ಇರಲಿಲ್ಲ ಅನ್ಸುತ್ತೆ.

ರಾಯಚೂರು ಖಾರ · 1:50

ನೀವು ಹೆರಾಯಿನ್, ಕೋಕೇನ್ ಅಂತ ಮಾತಾಡಾಕತ್ತೀರಿ. ನಮ್ಮ ಕಡೆ ಬಡವರನ್ನ ಕೊಲ್ಲೋದು ಸಿಎಚ್ ಪೌಡರ್ ರೀ. ಕ್ಲೋರಲ್ ಹೈಡ್ರೇಟ್. ನೀರಿಗೆ ಅದು, ಸ್ಯಾಕರಿನ್, ನಿದ್ದಿ ಗುಳಿಗಿ ಹಾಕಿ ಸೇಂದಿ ಅಂತ ಮಾರ್ತಾರ. ಈಚಲ ಗಿಡದ ಮುಖಾನೂ ನೋಡಿರಂಗಿಲ್ಲ ಅದು. ನಮ್ಮ ಓಣಿಯಾಗ ಒಬ್ಬಾಕಿ ಹಮಾಲಿ ಮಾಡೋ ಹೆಣ್ಣಮಗಳು ಇದ್ದಳು, ದಿನಾ ಸಂಜಿ ಎರಡು ಪಾಕೀಟು. ಒಂದು ದಿನ ಸಿಗದಿದ್ದರ ಕೈ ನಡುಗಿ ಪಾತ್ರಿ ಬೀಳ್ತಿದ್ದವು, ನಾಲಗಿ ತೊದಲ್ತಿತ್ತು, ಗೋಡಿ ಮ್ಯಾಲ ಯಾರೋ ನಿಂತಾರ ಅಂತ ಚೀರ್ತಿದ್ದಳು. ಒಮ್ಮೆಲೇ ಬಿಡಸಾಕ ಆಗಂಗಿಲ್ಲ ಅದನ್ನ, ಹಂಗ ನಿಲ್ಲಿಸಿದರ ಫಿಟ್ಸ್ ಬರ್ತಾವ. ದವಾಖಾನಿಗೆ ಹೊತ್ಕೊಂಡು ಹೋದ್ವಿ, ಉಳದಳು.

ರೇಡ್ ಆಕ್ಕೋತ ಇರ್ತಾವ, ಪೇಪರಿನಾಗ ಮೂಟಿ ಮುಂದ ಪೊಲೀಸರು ನಿಂತ ಫೋಟೋ ಬರ್ತದ. ಮುಂದಿನ ವಾರ ಅದೇ ಮನಿಯಾಗ ಅದೇ ಪಾಕೀಟು. ಅರ್ಧ ಲೀಟರ್‌ಗೆ ಮೇಷ್ಟ್ರು ಹೆದರ್ಕೊಂಡು ಕುಂತಾರ, ಇಲ್ಲಿ ಮೂಟಿಗಟ್ಟಲೆ ಬರೋದಕ್ಕ ಯಾರ ರಿಜಿಸ್ಟರ್ ಅದ?

ವಕೀಲ್ ಸಾಬ್ · 2:25

ಇದಕ್ಕೆ ನನ್ನ ಹತ್ತಿರ ಚೆಂದದ ಉತ್ತರ ಇಲ್ಲ. ನಿದ್ದೆ ಗುಳಿಗೆ ಆಲ್ಪ್ರಾಝೋಲಂ, ಡಯಾಜೆಪಾಂ ಆದರೆ ಎನ್‌ಡಿಪಿಎಸ್ ಬರುತ್ತೆ. ಸೇಂದಿ ಕಲಬೆರಕೆಗೆ ಅಬಕಾರಿ ಕಾಯ್ದೆ. ಆದರೆ ಹಿಡಿದ ಪುಡಿ ಏನು ಅಂತ ಲ್ಯಾಬ್ ವರದಿ ಬರೋ ಹೊತ್ತಿಗೆ ಹಿಡಿದವನು ಜಾಮೀನಿನ ಮೇಲೆ ಆಚೆ ಬಂದಿರ್ತಾನೆ. ಮಾರಿದವನು ಸಿಗ್ತಾನೆ, ಪೌಡರ್ ಕಳಿಸಿದವನು ಸಿಗಲ್ಲ.

ಉಡುಪಿ ಮೀನು · 2:31

ನಮ್ಮ ಕಡೆ ಶೇಂದಿ ಮರದಿಂದಲೇ ಇಳಿಸುವುದು. ರಾಯಚೂರಿನವರ ಮಾತು ಕೇಳಿ ಹೊಟ್ಟೆ ಚುರುಕ್ ಅಂತು.

ಆಸಿಡ್ ಬೇಡ · 3:10

ಟಾಯ್ಲೆಟ್ ತೊಳೆಯೋ ಆಸಿಡ್ ಕತೆಯೂ ಇದೇ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಗುರುತಿನ ಚೀಟಿ ನೋಡಿ, ಯಾಕೆ ಅಂತ ಕೇಳಿ, ರಿಜಿಸ್ಟರಲ್ಲಿ ಬರೆದು ಕೊಡಬೇಕು, 18 ತುಂಬದವರಿಗೆ ಕೊಡಬಾರದು. ಮೊನ್ನೆ ನಮ್ಮ ಬೀದಿ ಅಂಗಡಿಯಲ್ಲಿ ಹಳೇ ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿಸಿಕೊಟ್ಟರು. ರಿಜಿಸ್ಟರ್ ಎಲ್ಲಿ ಅಂತ ಕೇಳಿದೆ. ಹಾಲಿನ ಲೆಕ್ಕದ ಪುಸ್ತಕ ತೋರಿಸಿದರು.

ಧಾರವಾಡ ಪರಾಗ · 4:40

ಮೇಷ್ಟ್ರೇ, ನಾನು ಬಾಟನಿಯವಳು. ನಿಮ್ಮ ಎರಡನೇ ಬಾಟಲಿ ಬಗ್ಗೆ ಒಂದು ಗುಮಾನಿ. ನಿಮ್ಮ ಕಾಲೇಜಲ್ಲಿ ಬಾಟನಿ ವಿಭಾಗ ಐತೇನ್ರಿ? ಪರಾಗರೇಣು ನೋಡೋರು ಅಸಿಟೋಲಿಸಿಸ್ ಅಂತ ಮಾಡ್ತೀವಿ, ಎರ್ಡ್‌ಟ್‌ಮನ್ ವಿಧಾನ. ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡ್‌ಗೆ ಒಂದು ಪಾಲು ಸಲ್ಫ್ಯೂರಿಕ್ ಆಸಿಡ್ ಹಾಕಿ ಬಿಸಿ ಮಾಡಿದರೆ ರೇಣುವಿನ ಒಳಗಿನದೆಲ್ಲ ಕರಗಿ ಹೊರಗಿನ ಕವಚ ಮಾತ್ರ ಉಳೀತದ. ಜೇನಿನಾಗ ಯಾವ ಹೂವಿನ ಪರಾಗ ಐತಿ ಅಂತ ನೋಡೋರೂ ಇದನ್ನೇ ಮಾಡ್ತಾರ. ನಾವು ಯಾವತ್ತೂ ಕೆಮಿಸ್ಟ್ರಿಯವರ ಹತ್ರ ಇಸ್ಕೊಂಡೇ ಮಾಡಿದ್ದು. ಕೊಟ್ಟವರು ಬರೀಲಿಲ್ಲ, ಇಸ್ಕೊಂಡವರು ಮರಳಿಸಲಿಲ್ಲ. ಒಮ್ಮೆ ಅಲ್ಲಿ ಕಪಾಟು ತೆಗೆಸಿ ನೋಡ್ರಿ.

ಪೀಣ್ಯ ಪಾಪಣ್ಣ · 4:52

ಮೇಡಂ, ನೀವು ಎನ್‌ಸಿಬಿ ಸೇರಬೇಕಿತ್ತು.

ಕೆಮಿಕಲ್ ಕುಲಕರ್ಣಿ · 5:15

ಹಳೇ ಬಾಟಲಿ ತೆಗೆಯೋವಾಗ ಜಾಗ್ರತೆ ಮೇಷ್ಟ್ರೇ. ಮುಚ್ಚಳ ಅಂಟಿಕೊಂಡಿದ್ದರೆ ಒದ್ದಾಡಬೇಡಿ. ಗಾಳಿಯ ತೇವ ಕುಡಿದು ಅರ್ಧ ಅಸಿಟಿಕ್ ಆಸಿಡ್ಡೇ ಆಗಿರುತ್ತೆ, ಆದರೂ ಕಣ್ಣಿಗೆ ಚರ್ಮಕ್ಕೆ ಕೆಟ್ಟದು. ಸಿಂಕಿಗೆ ಸುರಿಯೋದಂತೂ ಬೇಡವೇ ಬೇಡ, ನೀರು ತಾಗಿದರೆ ಬಿಸಿಯೇಳುತ್ತೆ. ಮೇಲಾಗಿ ಸುರಿದುಬಿಟ್ಟರೆ ಆ 180 ಎಂಎಲ್‌ಗೂ ಲೆಕ್ಕ ಇಲ್ಲದ ಹಾಗಾಗುತ್ತೆ. ಅದನ್ನೂ ಪತ್ರದಲ್ಲೇ ಬರೆದು, ಏನು ಮಾಡಬೇಕು ಅಂತ ಕೇಳಿ.

ಪರೀಕ್ಷೆಗೆ ಇದೇ ಬೇಕು ಅಂತಿಲ್ಲ. ಆಸ್ಪಿರಿನ್ ಬದಲು ಅಸಿಟನಿಲೈಡ್ ತಯಾರಿಸೋ ಪ್ರಯೋಗ ಇಡಬಹುದು, ಅದನ್ನ ಗ್ಲೇಶಿಯಲ್ (ನೀರಿಲ್ಲದ) ಅಸಿಟಿಕ್ ಆಸಿಡ್ ಮತ್ತು ಸತುವಿನ ಪುಡಿಯಲ್ಲೂ ಮಾಡಬಹುದು. ಗ್ರೀನ್ ಕೆಮಿಸ್ಟ್ರಿ ಅಂತ ಎಷ್ಟೋ ಕಾಲೇಜು ಆ ಕಡೆ ಹೋಗಿವೆ. ನಿಮ್ಮ ಬೋರ್ಡ್ ಆಫ್ ಸ್ಟಡೀಸ್ ಒಪ್ಪಬೇಕು ಅಷ್ಟೇ.

ಕಡ್ಲೆಪುರಿ · 5:20

ಬೋರ್ಡ್ ಆಫ್ ಸ್ಟಡೀಸ್ ಒಪ್ಪಿಸೋದಕ್ಕಿಂತ ಎನ್‌ಸಿಬಿ ಒಪ್ಪಿಸೋದು ಸುಲಭ.

ಲ್ಯಾಬ್ ಮೇಷ್ಟ್ರು · ಶುಕ್ರವಾರ ರಾತ್ರಿ 8:55

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮಂಗಳವಾರದಿಂದ ಇವತ್ತಿನವರೆಗೆ ಆದದ್ದು ಹೇಳ್ತೀನಿ.

ಪ್ರಿನ್ಸಿಪಾಲರಿಗೆ ಹೇಳಿದೆ. ಮೊದಲು "ಹಳೇದನ್ನ ಯಾಕ್ರೀ ಕೆದಕ್ತೀರಾ" ಅಂದರು. ವಕೀಲ್ ಸಾಬ್ ಬರೆದದ್ದನ್ನ ಮೊಬೈಲಲ್ಲಿ ಓದಿ ಹೇಳಿದೆ. ಹತ್ತು ವರ್ಷ ಅನ್ನೋ ಕಡೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು, "ಪತ್ರ ಟೈಪ್ ಮಾಡಿಸಿ" ಅಂದರು. ಎರಡು ಬಾಟಲಿ ಕೊಂಡದ್ದು, ಒಂದು ಇರೋದು, ಒಂದು ಕಾಣದ್ದು, ಉಳಿದದ್ದನ್ನ ಏನು ಮಾಡಬೇಕು, ಮುಂದೆ ಕೊಳ್ಳೋಕೆ ನೋಂದಣಿ ಬೇಕಾ, ಎಲ್ಲ ಬರೆದು ರಿಜಿಸ್ಟರ್ ಪುಟದ ಜೆರಾಕ್ಸ್ ಲಗತ್ತಿಸಿ ಬುಧವಾರ ಸ್ಪೀಡ್ ಪೋಸ್ಟ್ ಮಾಡಿದ್ದೀನಿ. ಉತ್ತರ ಇನ್ನೂ ಬಂದಿಲ್ಲ. ಪರೀಕ್ಷೆಗೆ ಆಸ್ಪಿರಿನ್ ಕೈಬಿಟ್ಟು ಪಟ್ಟಿಯಲ್ಲೇ ಇರೋ ಬೇರೆ ಪ್ರಯೋಗ ಇಟ್ಟುಕೊಂಡಿದ್ದೀವಿ.

ಧಾರವಾಡದ ಮೇಡಂ ಮಾತು ತಲೆಯಲ್ಲಿ ಕೊರೀತಿತ್ತು. ಇವತ್ತು ಮಧ್ಯಾಹ್ನ ಬಾಟನಿ ವಿಭಾಗಕ್ಕೆ ಹೋದೆ. ಕಪಾಟಲ್ಲಿ ಏನೂ ಇರಲಿಲ್ಲ. ಅಲ್ಲಿಯ ಮೇಡಂ ಟೀ ತರಿಸಿದರು, ಕಿಟಕಿ ಹತ್ರ ಕೂತು ಕುಡೀತಿದ್ದೆ. ಕಿಟಕಿ ಕಟ್ಟೆ ಮೇಲೆ ಕಂದು ಬಾಟಲಿ, ಅದರಲ್ಲಿ ನೀರು, ಅದರಿಂದ ಮನಿಪ್ಲಾಂಟ್ ಎದ್ದು ಕರ್ಟನ್ ಕಂಬಿವರೆಗೂ ಹಬ್ಬಿದೆ. ಬಾಟಲಿ ತಿರುಗಿಸಿದೆ. ಗೋಡೆ ಕಡೆ ಇದ್ದದ್ದಕ್ಕೆ ಬಿಸಿಲು ಬೀಳದೇ ಲೇಬಲ್ ಹಾಗೇ ಇದೆ. ಅದೇ ಕಂಪನಿ, ಅದೇ ಬ್ಯಾಚ್ ನಂಬರ್. ಲೇಬಲ್ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ "ಕೆಮಿಸ್ಟ್ರಿಯಿಂದ, ಪರಾಗಕ್ಕೆ, 2011" ಅಂತ ಬರೆದಿದೆ.

ಫೋಟೋ ತೆಗೆದು ಪ್ರಿನ್ಸಿಪಾಲರಿಗೆ ತೋರಿಸಿ, ರಿಜಿಸ್ಟರಲ್ಲಿ ಇವತ್ತಿನ ತಾರೀಕು ಹಾಕಿ ಇದ್ದದ್ದು ಇದ್ದ ಹಾಗೆ ಬರೆದೆ. ಅದನ್ನೂ ಸೇರಿಸಿ ಸೋಮವಾರ ಇನ್ನೊಂದು ಪತ್ರ ಹಾಕ್ತೀನಿ.

ಧಾರವಾಡ ಪರಾಗ · 9:02

ನೋಡ್ರಿ, ನಮ್ಮ ಬಾಟನಿಯವರು ಮರಳಿಸಲಿಲ್ಲ ಖರೆ, ಬರೆದಂತೂ ಇಟ್ಟಿದ್ದರು!

ಬೀದರ್ ಬಸಣ್ಣ · 9:10

ಒಂದು ಬಾಟ್ಲಿ ಪತ್ತೆ ಆತು. ಇನ್ನ ಆ 18 ಟನ್‌ಗೂ ಒಂದು ಮನಿಪ್ಲಾಂಟ್ ಹುಡುಕ್ರಪ.

ವಕೀಲ್ ಸಾಬ್ · 9:14

ಮೇಷ್ಟ್ರೇ, ಆ ಬಾಟಲಿ ಎಸೆಯಬೇಡಿ. ಉತ್ತರ ಬರೋವರೆಗೂ ಲೇಬಲ್ ಸಮೇತ ಇರಲಿ.

ಲ್ಯಾಬ್ ಮೇಷ್ಟ್ರು · 9:20

ಎಸೆಯೋಕೆ ಬಾಟನಿ ಮೇಡಂ ಬಿಡಬೇಕಲ್ಲ ಸಾರ್. ಗಿಡ ಕಿತ್ತರೆ ಬಾಡುತ್ತೆ ಅಂತ ಬಾಟಲಿನೇ ಕೊಡ್ತಿಲ್ಲ.

ಕಡ್ಲೆಪುರಿ · 9:21

ಮೇಡಂ ಕೈಲಿ ಬಾಟಲಿ ಸ್ವೀಕೃತಿ ಬರೆಸಿಕೊಳ್ಳಿ, ಮತ್ತೆ ಎರಡರಲ್ಲಿ ಒಂದು ಕಾಣೆ ಆದೀತು.